ಬೋಧಕರ ಮೌನವೂ ಕೆಲಸವೇ

ಮಾನ್ಯರೇ,

ವಿಮಾನ ಸಂಚಾರ ನಿಯಂತ್ರಕರ ತರಬೇತಿಯ ಬಗೆಗಿನ ನಮ್ಮ ಲೇಖನವನ್ನು ಓದಿ ಎರಡು ಪ್ರಶ್ನೆ ಕಳುಹಿಸಿದ್ದೀರಿ. ಸಿಮ್ಯುಲೇಟರ್‌ (ನಿಜವಾದ ಸಂಚಾರವನ್ನು ಅನುಕರಿಸುವ ಯಂತ್ರ) ಇರುವಾಗ ಕಲಿಯುವವರ ಕೈಗೆ ನಿಜವಾದ ವಿಮಾನಗಳನ್ನು ಏಕೆ ಕೊಡಬೇಕು? ನಿಮ್ಮ ಮಗಳ ತರಬೇತಿಯನ್ನು ಬೋಧಕರು ವಿಸ್ತರಿಸಿರುವುದು ಸೋಲಿನ ಲಕ್ಷಣವೇ? ಬೋಧಕರ ಬಗ್ಗೆ ಆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಆ ಕೊರತೆ ನಮ್ಮದು.

ಸಿಮ್ಯುಲೇಟರ್‌ನಲ್ಲಿ ಎಂಜಿನ್‌ ಕೆಟ್ಟ ವಿಮಾನವನ್ನೂ ಬಿರುಗಾಳಿಯನ್ನೂ ಬೇಕೆಂದಾಗ ತಂದು ನಿಲ್ಲಿಸಬಹುದು. ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭಿಸಬಹುದು. ಆ ಎರಡನೆಯ ಅನುಕೂಲವೇ ಅದರ ಮಿತಿ. ಹಾಗಾಗಿಯೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ, ನಿಲ್ದಾಣದ ಗೋಪುರದಲ್ಲಿ ನಿಯಂತ್ರಕರಾಗುವವರು ಮೇಲ್ವಿಚಾರಣೆಯಲ್ಲಿ ಕನಿಷ್ಠ 90 ಗಂಟೆ ಅಥವಾ ಒಂದು ತಿಂಗಳು, ಯಾವುದು ಹೆಚ್ಚೋ ಅಷ್ಟು, ನಿಜವಾದ ಸಂಚಾರವನ್ನು ನಿಭಾಯಿಸಿರಬೇಕು.

ಆಗ ಬೋಧಕರೂ ಹೆಡ್‌ಸೆಟ್‌ ಧರಿಸಿ ಪಕ್ಕದಲ್ಲೇ ಕುಳಿತಿರುತ್ತಾರೆ. ಮಾತು ಕಲಿಯುವವರದು, ಹೊಣೆ ಬೋಧಕರದು. ಎದುರುಬದುರಾಗಿ ಬರುವ ಎರಡು ಜೆಟ್‌ಗಳ ನಡುವಿನ ದೂರ ನಿಮಿಷಕ್ಕೆ ಸುಮಾರು 15 ನಾಟಿಕಲ್‌ ಮೈಲಿಯಂತೆ ಕರಗುತ್ತದೆ. ರಾಡಾರ್‌ ನಿಗಾದಲ್ಲಿ, ಒಂದೇ ಎತ್ತರದಲ್ಲಿ ಹಾರುವಾಗ ಅವು ಸಾಮಾನ್ಯವಾಗಿ 5 ನಾಟಿಕಲ್‌ ಮೈಲಿಗಿಂತ ಹತ್ತಿರವಾಗಬಾರದು. ಅಪಾಯ ಬೋಧಕರಿಗೆ ಆಗಲೇ ಕಂಡಿದೆ, ಕಲಿಯುವವರಿಗೆ ಇನ್ನೂ ಕಂಡಿಲ್ಲ. ಈಗಲೇ ಹೇಳಿಬಿಟ್ಟರೆ ಪಾಠ ಹೋಯಿತು. ತಡಮಾಡಿದರೆ ಸುರಕ್ಷತೆಯೇ ಹೋಯಿತು. ಒಳ್ಳೆಯ ಬೋಧಕರು ಯಾವ ವಿಮಾನವನ್ನು ಯಾವ ಕಡೆಗೆ ತಿರುಗಿಸಬೇಕೆಂದು ಮನಸ್ಸಿನಲ್ಲೇ ನಿರ್ಧರಿಸಿಕೊಂಡು, ಆ ಉಪಾಯ ಫಲಿಸುವ ಕೊನೆಯ ಗಳಿಗೆಗೆ ಸಾಕಷ್ಟು ಮುಂಚಿನವರೆಗೆ ಮಾತ್ರ ಕಾಯುತ್ತಾರೆ. ಈ ಕಾಯುವಿಕೆಗಿಂತ ಕಠಿಣವಾದ ಬೋಧನೆ ನಮಗೆ ತಿಳಿದಿಲ್ಲ.

ಪದಗಳ ವಿಷಯದಲ್ಲಿ ಮಾತ್ರ ಅವರು ಕಾಯುವುದಿಲ್ಲ, ಕಾಯಲೂಬಾರದು. 1977ರಲ್ಲಿ ಸ್ಪೇನ್‌ನ ಟೆನೆರಿಫೆ ದ್ವೀಪದಲ್ಲಿ 583 ಜನರ ಸಾವಿಗೆ ಕಾರಣವಾದ ಎರಡು ವಿಮಾನಗಳ ಡಿಕ್ಕಿಯ ಹಿಂದೆ ‘ಟೇಕಾಫ್‌’ ಎಂಬ ಪದದ ಗೊಂದಲವೂ ಇತ್ತು. ಇಂದು ನಿಯಂತ್ರಕರು ಆ ಪದವನ್ನು ಹಾರಲು ಅನುಮತಿ ಕೊಡುವಾಗ ಇಲ್ಲವೇ ಅದನ್ನು ರದ್ದುಪಡಿಸುವಾಗ ಮಾತ್ರ ಬಳಸಬೇಕು. ಪೈಲಟ್‌ ಸೂಚನೆಯನ್ನು ಮರಳಿ ಒಪ್ಪಿಸುವಾಗ ಕಲಿಯುವವರ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತದೆ. ಅಂಥ ತಪ್ಪನ್ನು ಪಕ್ಕದಲ್ಲಿರುವ ಬೋಧಕರ ಕಿವಿ ಹಿಡಿಯುತ್ತದೆ.

ಇನ್ನು ನಿಮ್ಮ ಮಗಳ ವಿಷಯ. ಹೆಚ್ಚುವರಿ ತರಬೇತಿ ಸೋಲಲ್ಲ. ಆದರೆ ವರದಿಯಲ್ಲಿ ಬೋಧಕರು ಏನು ಬರೆದಿದ್ದಾರೆಂದು ವಿಚಾರಿಸಿ. ‘ದಟ್ಟಣೆ ಹೆಚ್ಚಿದಾಗ ಯೋಜನೆ ತಡವಾಗುತ್ತಿದೆ’ ಎಂಬಂತಹ ಸ್ಪಷ್ಟ ಮಾತಿದ್ದರೆ ಆಕೆ ಒಳ್ಳೆಯ ಗುರುವಿನ ಬಳಿ ಇದ್ದಾಳೆ. ‘ಇನ್ನೂ ಸಾಲದು’ ಎಂದಷ್ಟೇ ಇದ್ದರೆ, ಎಲ್ಲಿ ಸಾಲದು ಎಂದು ಆಕೆ ಸಂಕೋಚವಿಲ್ಲದೆ ಕೇಳಲಿ.

– ಸಂಪಾದಕರು