ಸಿಮ್ಯುಲೇಶನ್‌ನಲ್ಲಿ ಡ್ರೈವರ್ ಮನುಷ್ಯನ ಹಾಗೆ ಓಡಿಸಬೇಕಾದರೆ ಆಕ್ಟ್-ಆರ್ ಬೇಕೇ?

ನಿಮ್ಮ ಡ್ರೈವರ್‌ಗಳು ಗೆರೆ ಎಳೆದ ಹಾಗೆ ಓಡಿಸುತ್ತಾರೆ, ರ‍್ಯಾಂಡಮ್ ನಂಬರ್ ಸೇರಿಸಿದರೆ ಕುಡಿದವರ ಹಾಗೆ ಕಾಣುತ್ತಾರೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ನಾನೂ ಮೊದಲು ಮಾಡಿದ್ದು ಅದನ್ನೇ.

ಮನುಷ್ಯರು ಸುಮ್ನೆ ತಪ್ಪು ಮಾಡುವುದಿಲ್ಲ ಅಲ್ವಾ? ಕಣ್ಣು ಬೇರೆ ಕಡೆ ಇರುತ್ತದೆ, ಇಲ್ಲವೇ ನೆನಪಿಗೆ ಬರುವುದು ತಡವಾಗುತ್ತದೆ. ಆಕ್ಟ್-ಆರ್ ಅಂದರೆ ಮನುಷ್ಯನ ಮನಸ್ಸು ಕೆಲಸ ಮಾಡುವ ರೀತಿಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಚೌಕಟ್ಟು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಜಾನ್ ಆಂಡರ್ಸನ್ ಕಟ್ಟಿದ್ದು. ಅದರಲ್ಲಿ ಈ ಇತಿಮಿತಿಗಳೇ ಮುಖ್ಯ. ಅದರೊಳಗೆ 'ಹೀಗಿದ್ದರೆ ಹಾಗೆ ಮಾಡು' ಎಂಬ ನಿಯಮಗಳಿವೆ. ಒಂದು ಸಲಕ್ಕೆ ಒಂದೇ ನಿಯಮ ನಡೆಯುತ್ತದೆ, ಅದಕ್ಕೆ ಸಾಮಾನ್ಯವಾಗಿ 50 ಮಿಲಿಸೆಕೆಂಡ್. ನೆನಪೂ ಸವೆಯುತ್ತದೆ. 1 ಸೆಕೆಂಡ್ ಹಿಂದೆ ಕಂಡದ್ದು ನೆನಪಿನಲ್ಲಿ ಬಿಟ್ಟ ಗುರುತಿನ ಬಲ 1 ಅಂತಿಟ್ಟುಕೊಂಡರೆ 4 ಸೆಕೆಂಡಿಗೆ ಅದು ಅರ್ಧ, 100 ಸೆಕೆಂಡಿಗೆ ಹತ್ತರಲ್ಲೊಂದು. ಮತ್ತೆ ಮತ್ತೆ ಕಂಡರೆ ಗುರುತುಗಳು ಕೂಡಿಕೊಳ್ಳುತ್ತವೆ.

ಸಂಶೋಧಕ ಡಾರಿಯೊ ಸಾಲ್ವುಚಿ 2006ರಲ್ಲಿ ಪ್ರಕಟಿಸಿದ ಡ್ರೈವರ್ ಮಾದರಿ ಇದರ ಮೇಲೆಯೇ ನಿಂತಿದೆ. ಸ್ಟೀರಿಂಗ್‌ಗಾಗಿ ಅದು ರಸ್ತೆಯಲ್ಲಿ ನೋಡುವುದು ಎರಡು ಬಿಂದುಗಳನ್ನು. ಲೇನಿನ ಮಧ್ಯೆ ಉಳಿಯಲು ಹತ್ತಿರದ್ದೊಂದು, ಮುಂದಿನ ತಿರುವಿಗೆ ದೂರದ್ದೊಂದು. ನೋಡಿ, ಲೆಕ್ಕ ಹಾಕಿ, ಸ್ಟೀರಿಂಗ್ ಸ್ವಲ್ಪ ತಿರುಗಿಸುತ್ತದೆ. ಮತ್ತೆ ಅದೇ ಸುತ್ತು. ಈಗ ಅದರ ಕೈಗೆ ಫೋನ್ ಕೊಡಿ. ನಂಬರ್ ಒತ್ತುವ ನಿಯಮಗಳೂ ಅದೇ ಸಾಲಿನಲ್ಲಿ ಕಾಯಬೇಕು, ಹಾಗಾಗಿ ಸ್ಟೀರಿಂಗ್ ಸರದಿ ತಡವಾಗುತ್ತದೆ. 60 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಅಂದರೆ 33 ಮೀಟರ್. ಕಾರು ಪಕ್ಕಕ್ಕೆ ಜಾರುತ್ತದೆ. 'ಜಾರು' ಅಂತ ಯಾರೂ ಕೋಡ್ ಬರೆದಿರುವುದಿಲ್ಲ! ನನಗೆ ಇದರ ಹುಚ್ಚು ಹಿಡಿದದ್ದು ಇಲ್ಲೇ.

ಆದರೆ ಕೆಲಸ ಜಾಸ್ತಿ. ಒಂದೇ ಒಂದು ಸರ್ಕಲ್ ದಾಟಿಸುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಸಿಟ್ಟು, ಹಠ ಇವೆಲ್ಲ ತಾವಾಗಿ ಬರುವುದೂ ಇಲ್ಲ. ನಿಮ್ಮದು ಬೆಂಗಳೂರಿನ ಸರ್ಕಲ್ ಆದರೆ ಇನ್ನೊಂದು ತಲೆನೋವು: ಸಂದಿ ಸಿಕ್ಕಲ್ಲಿ ನುಗ್ಗುವ ಸ್ಕೂಟರ್‌ಗೆ ಲೇನಿನ ಮಧ್ಯ ಯಾವುದು? ಇನ್ನು ಸಾವಿರಾರು ಜನ ಹಾಲ್‌ನಿಂದ ಹೊರಬರುವುದಷ್ಟೇ ಬೇಕಿದ್ದರೆ ಇದೆಲ್ಲ ಬೇಡ. ಹೆಲ್ಬಿಂಗ್ ಮತ್ತು ಮೊಲ್ನಾರ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ, ನಡೆಯುವ ಜನರ ಮಾದರಿ ಸಾಕು. ಅದರಲ್ಲಿ ಗುರಿ ಎಳೆಯುತ್ತದೆ, ಗೋಡೆ ಮತ್ತು ಪಕ್ಕದವರು ದೂಡುತ್ತಾರೆ, ಅಷ್ಟೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಆ ರ‍್ಯಾಂಡಮ್ ನಂಬರ್ ಕಿತ್ತು ಹಾಕುತ್ತಿದ್ದೆ. ಪ್ರತಿ ಫ್ರೇಮ್‌ಗೂ ಸ್ಟೀರಿಂಗ್ ತಿದ್ದುವುದನ್ನು ನಿಲ್ಲಿಸಿ, ಕಣ್ಣು ರಸ್ತೆಯ ಮೇಲಿದ್ದಾಗ ಮಾತ್ರ ತಿದ್ದಿ. ಇದಕ್ಕೆ ಆಕ್ಟ್-ಆರ್ ಕೂಡ ಬೇಕಿಲ್ಲ, ನಿಮ್ಮ ಈಗಿನ ಕೋಡ್‌ನಲ್ಲೇ ಆಗುತ್ತದೆ.