ತಳದಲ್ಲಿ ಕಾಂಗ್‌ಶಿ ಗುರುತಿರುವ ಕೆಂಪು ಪಿಂಗಾಣಿ ಪಾತ್ರೆಯನ್ನು ಆ ಕಾಲದ್ದೆಂದೇ ನಂಬಬಹುದೇ?

ಬಾಯಿ ಕಿರಿದಾಗಿದ್ದು ಒಡಲು ಗುಮ್ಮಟದಂತೆ ಉಬ್ಬಿರುವ ಪುಟ್ಟ ಕೆಂಪು ಪಾತ್ರೆಯ ತಳದಲ್ಲಿ ಕಾಂಗ್‌ಶಿ ಚಕ್ರವರ್ತಿಯ ಹೆಸರಿನ ಆರು ಚೀನೀ ಅಕ್ಷರಗಳಿವೆ, ಅಷ್ಟರಿಂದಲೇ ಅದರ ಕಾಲ ನಿಶ್ಚಯವಾಗುವುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಕಾಂಗ್‌ಶಿ ಆಳಿದ್ದು 1662ರಿಂದ 1722ರವರೆಗೆ. ಆದರೆ ಆತನ ಗುರುತನ್ನು ನಂತರದ ಕುಂಬಾರರು, ಅದರಲ್ಲೂ 1875–1908ರ ಗುವಾಂಗ್‌ಶು ಚಕ್ರವರ್ತಿಯ ಆಳ್ವಿಕೆಯವರು, ಹಳೆಯ ಕೆಲಸದ ಮೇಲಿನ ಗೌರವದಿಂದಲೋ ಮಾರಾಟದ ಆಸೆಯಿಂದಲೋ ಧಾರಾಳವಾಗಿ ಬರೆದಿದ್ದಾರೆ. ಆದ್ದರಿಂದ ಅಕ್ಷರಗಳನ್ನು ಕೊನೆಗೆ ನೋಡಿ ಎಂಬುದು ನನ್ನ ಸಲಹೆ.

ನಿಮ್ಮ ವಿವರಣೆಗೆ ಹೊಂದುವುದು ಬರವಣಿಗೆಯ ಮೇಜಿನ ನೀರಿನ ಪಾತ್ರೆ. ಚೀನೀ ವಿದ್ವಾಂಸರು ಒಣಗಿದ ಮಸಿಯ ಕಡ್ಡಿಯನ್ನು, ನಾವು ಗಂಧ ತೇಯುವಂತೆ, ಕಲ್ಲಿನ ಮೇಲೆ ನೀರು ಹನಿಸಿ ತೇಯುತ್ತಿದ್ದರು. ಆ ನೀರನ್ನು ಇಂಥ ಪಾತ್ರೆಯಿಂದ ಸಣ್ಣ ಚಮಚದಲ್ಲಿ ತೆಗೆಯುತ್ತಿದ್ದರು. ಚೀನಾದ ಪಿಂಗಾಣಿ ನಗರ ಜಿಂಗ್‌ದೆಝೆನ್‌ನ ಅರಮನೆ ಆವಿಗೆಗಳಲ್ಲಿ ಈ ಕೆಂಪು ಬಣ್ಣದಲ್ಲಿ ಎಂಟು ಆಕಾರಗಳು ತಯಾರಾದವು: ಎರಡು ಬಗೆಯ ನೀರಿನ ಪಾತ್ರೆ, ಕುಂಚ ತೊಳೆಯುವ ಬಟ್ಟಲು, ಮುದ್ರೆಯ ಕೆಂಪು ಲೇಪವಿಡುವ ಡಬ್ಬಿ, ನಾಲ್ಕು ಹೂದಾನಿ.

ಪರೀಕ್ಷೆಯ ಮುಖ್ಯ ಭಾಗ ಬಣ್ಣವೇ. ಅದು ತಾಮ್ರದಿಂದ ಬರುತ್ತದೆ, ಮತ್ತು ಆವಿಗೆಯಲ್ಲಿ ಗಾಳಿ ಎಷ್ಟು ಆಡಿತೆಂಬುದರ ಮೇಲೆ ನಿಂತಿರುತ್ತದೆ. ಗಾಳಿ ಕಡಿಮೆಯಾದಲ್ಲಿ ಕೆಂಪು, ಸೋಕಿದಲ್ಲಿ ಪಾಚಿಯಂಥ ಹಸಿರು ಚುಕ್ಕೆ. ಹಾಗಾಗಿ ಒಳ್ಳೆಯ ಪಾತ್ರೆಯಲ್ಲಿ ಬಣ್ಣ ಗುಲಾಬಿಯಿಂದ ಗಾಢ ಕೆಂಪಿನವರೆಗೆ ಮೆಲ್ಲನೆ ಹೊರಳುತ್ತದೆ, ಬಾಯಂಚು ಬಿಳಿಚಿಕೊಂಡಿರುತ್ತದೆ. ಎಲ್ಲೆಡೆ ಒಂದೇ ಸಮನಾದ ಕೆಂಪಿದ್ದರೆ ನಾನಂತೂ ಅನುಮಾನಿಸುತ್ತೇನೆ. ಉಬ್ಬಿದ ಒಡಲಿನ ಮಾದರಿಯಲ್ಲಿ ಮೆರುಗಿನಡಿ ವೃತ್ತಾಕಾರವಾಗಿ ಸುತ್ತಿಕೊಂಡ ಮೂರು ಡ್ರ್ಯಾಗನ್‌ಗಳನ್ನು ತೆಳುವಾಗಿ ಕೊರೆದಿರುತ್ತಾರೆ. ದೀಪವನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತವೆ. ತಳ ಬಿಳಿಯಾಗಿದ್ದು, ನೀಲಿ ಅಕ್ಷರಗಳು ಎರಡೆರಡರಂತೆ ಮೂರು ಕಂಬಸಾಲುಗಳಲ್ಲಿರುವುದು ರೂಢಿ. ಅಕ್ಷರಗಳು ಹೀಗಿಲ್ಲದಿದ್ದರೆ ಸಂದೇಹ ಇನ್ನೂ ಬಲವಾಗುತ್ತದೆ.

ಬೆಲೆಯ ಕನಸನ್ನು ಸದ್ಯಕ್ಕೆ ಬದಿಗಿಡಿ. 2017ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹದಿಮೂರು ಸೆಂಟಿಮೀಟರ್ ಅಗಲದ ಕುಂಚ ತೊಳೆಯುವ ಬಟ್ಟಲು 29.43 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹರಾಜಾದದ್ದು ನಿಜ, ಆದರೆ ಅದು ಕಾಂಗ್‌ಶಿಗಿಂತ ಐದು ಶತಮಾನಕ್ಕೂ ಹಿಂದಿನ ಉತ್ತರ ಸೋಂಗ್ ರಾಜವಂಶದ ಕಾಲದ, ರು ಎಂಬ ಬಗೆಯ ಪಿಂಗಾಣಿ, ಅಂಥವು ಜಗತ್ತಿನಲ್ಲಿ ನೂರಕ್ಕಿಂತ ಕಡಿಮೆ ಉಳಿದಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಈ ಕೆಂಪು ಪಾತ್ರೆಗಳ ಚಿತ್ರಗಳಿವೆ. ತಳ, ಬಾಯಂಚು, ಒಡಲುಗಳನ್ನು ಹಗಲ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು ಅವುಗಳೊಂದಿಗೆ ಹೋಲಿಸಿ, ಅನಂತರ ಚೀನೀ ಪಿಂಗಾಣಿಯ ತಜ್ಞರ ಕೈಗೆ ಪಾತ್ರೆಯನ್ನೇ ಕೊಡಿ.