ಬ್ಯೂರೆಟ್ ಮರೆಯದ ಕೈ: ಒಂದು ಆಪ್ತಸಲಹೆ ಪ್ರಕರಣ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ಕೌನ್ಸೆಲರ್. ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು, ಬರೆಯಲು ಅವರು ಒಪ್ಪಿದ್ದಾರೆ. ಹೆಸರು, ಊರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವರ ಹೆಸರು ಶೈಲಜಾ.

ವಯಸ್ಸು 36. ಊರಲ್ಲಿ ಪಿಸಿಎಂ ತಗೊಂಡು ಬಿಎಸ್ಸಿ ಮುಗಿಸಿದವರು. ಮದುವೆಯಾಗಿ ಇಲ್ಲಿಗೆ ಬಂದರು, ಎರಡು ಮಕ್ಕಳಾದವು. ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದ್ದರಿಂದ ಇವರಿಗೆ ಎಚ್-4 ಇಎಡಿ, ಅಂದರೆ ಗಂಡನ ವೀಸಾ ಮೇಲೆ ಬಂದವರಿಗೆ ಕೆಲಸ ಮಾಡಲು ಕೊಡುವ ಅನುಮತಿ ಕಾರ್ಡ್ ಸಿಕ್ಕಿತ್ತು. ಕಾರ್ಡ್ ಪರ್ಸಿನಲ್ಲೇ ಇತ್ತು, ಒಂದು ದಿನವೂ ಬಳಸಿರಲಿಲ್ಲ.

"ಮೇಡಂ, ನಮ್ಮ ಯಜಮಾನ್ರು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು ಅಂತಾರೆ. ಆರು ತಿಂಗಳು ಸಾಕಂತೆ. ಅತ್ತೆ, ಈ ವಯಸ್ಸಲ್ಲಿ ಓದೋದು ಯಾಕೆ ಅಂತಾರೆ. ನಂಗೆ ಕೆಮಿಸ್ಟ್ರಿ ಇಷ್ಟ. ಆದ್ರೆ 14 ವರ್ಷ ಆಯ್ತು, ಎಲ್ಲ ಮರೆತುಹೋಗಿದೆ."

ಏನು ಮರೆತಿಲ್ಲ ಹೇಳಿ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟೈಟ್ರೇಶನ್, ಅಂದರೆ ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗದ ಬಗ್ಗೆ ಶುರು ಮಾಡಿದರು. ಮಾತಾಡುತ್ತಲೇ ಕೈ ಎದ್ದಿತು. ಎಡಗೈ ಬ್ಯೂರೆಟ್‌ನ (ಹನಿ ಬಿಡುವ ಅಳತೆ ಕೊಳವೆಯ) ಕಾಕ್ ತಿರುಗಿಸುತ್ತಿತ್ತು, ಬಲಗೈ ಫ್ಲಾಸ್ಕ್ ಅಲ್ಲಾಡಿಸುತ್ತಿತ್ತು. ಮೇಜಿನ ಮೇಲೆ ಎರಡೂ ಇರಲಿಲ್ಲ. "ಗುಲಾಬಿ ಬಣ್ಣ ತೆಳುವಾಗಿ ಬಂದು ನಿಲ್ಲಬೇಕು ಮೇಡಂ. ಗಾಢವಾದ್ರೆ ದಾಟಿಹೋಯ್ತು ಅಂತ." ಅವರು ಮರೆತಿದ್ದು ಸೂತ್ರಗಳನ್ನು. ಸೂತ್ರ ಮೂರು ವಾರದಲ್ಲಿ ವಾಪಸ್ ಬರುತ್ತದೆ. ಕೈಯ ಅಭ್ಯಾಸವನ್ನು ಹೊಸಬರಿಗೆ ಕಲಿಸಲು ತಿಂಗಳುಗಳು ಬೇಕು. ಅದನ್ನು ಅವರಿಗೆ ಅಲ್ಲೇ ಹೇಳಿದೆ.

ಶೈಲಜಾ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಅರ್ಜಿ ತುಂಬಿಕೊಂಡೇ ಬಂದಿದ್ದರು. ಅಂದರೆ 60 ಯೂನಿಟ್ (ಇಲ್ಲಿ ಕೋರ್ಸುಗಳನ್ನು ಲೆಕ್ಕ ಹಾಕುವ ಅಳತೆ), ಮೊದಲಿಂದ. ಬೇಡ ಅಂದೆ. ಮೊದಲು ಬಿಎಸ್ಸಿ ಅಂಕಪಟ್ಟಿಗಳನ್ನು ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕಳಿಸಿ, ಒಂದೊಂದು ವಿಷಯಕ್ಕೂ ಬೇರೆ ಬೇರೆ ವರದಿ ತರಿಸಿಕೊಳ್ಳಿ. ನಮ್ಮ ಮೂರು ವರ್ಷದ ಬಿಎಸ್ಸಿಯನ್ನು ಇಲ್ಲಿ ಕೆಲವರು ಪೂರ್ತಿ ಪದವಿ ಅಂತ ಒಪ್ಪುತ್ತಾರೆ, ಕೆಲವರು ಮೂರು ವರ್ಷದ ಓದು ಅಷ್ಟೇ ಅಂತಾರೆ. ಯಾವುದಾದರೂ ಸರಿ, ಸೊನ್ನೆಯಂತೂ ಅಲ್ಲ.

ಎರಡನೆಯದು, ಕೆಲಸದ ಜಾಹೀರಾತುಗಳನ್ನು ಮೊದಲು ಓದಿ, ಕೋರ್ಸ್ ಆಮೇಲೆ ಆರಿಸಿ. ಹತ್ತು ಜಾಹೀರಾತು ಪ್ರಿಂಟ್ ಮಾಡಿ ಮತ್ತೆ ಮತ್ತೆ ಬರುವ ಪದಗಳಿಗೆ ಗೆರೆ ಹಾಕಿಕೊಂಡು ಬನ್ನಿ ಅಂದೆ. ಅವರು ಹದಿನಾಲ್ಕು ತಂದರು. ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ), ಪಿಎಚ್ ಮೀಟರ್, ಜಿಎಂಪಿ (ಔಷಧಿ ತಯಾರಿಕೆಯ ಗುಣಮಟ್ಟದ ನಿಯಮಗಳು), ಡಾಕ್ಯುಮೆಂಟೇಶನ್. ಔಷಧಿ, ಬಯೋಟೆಕ್ ಕಂಪನಿಗಳ ಕ್ವಾಲಿಟಿ ಕಂಟ್ರೋಲ್ (ಕ್ಯೂಸಿ) ಲ್ಯಾಬ್ ಕೆಲಸಗಳು ಇವು.

ಬೇರೆ ದಾರಿಗಳನ್ನೂ ನೋಡಿದೆವು. ಆಸ್ಪತ್ರೆ ಲ್ಯಾಬಿನ ಕ್ಲಿನಿಕಲ್ ಲ್ಯಾಬ್ ಸೈಂಟಿಸ್ಟ್ ಆಗಬೇಕಾದರೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಕು. ಅದಕ್ಕೆ ಹೆಮಟಾಲಜಿ, ಮೈಕ್ರೋಬಯಾಲಜಿ, ಇಮ್ಯುನಾಲಜಿ ಓದಿರಬೇಕು, ಮೇಲೆ ಒಂದು ವರ್ಷ ತರಬೇತಿ. ಪಿಸಿಎಂನವರಿಗೆ ಅದು ದೂರದ ದಾರಿ. ಕುಡಿಯುವ ನೀರಿನ ಶುದ್ಧೀಕರಣ ಘಟಕದ ಆಪರೇಟರ್ ಕೆಲಸವೂ ಇದೆ. ಟಿ1ರಿಂದ ಟಿ5ರವರೆಗೆ ರಾಜ್ಯದ ಸರ್ಟಿಫಿಕೇಟ್ ಇರುತ್ತದೆ. ನಮ್ಮವರು ಅದರ ಕಡೆ ನೋಡುವುದೇ ಇಲ್ಲ, ಒಳ್ಳೆಯ ಕೆಲಸ ಅದು. ಶೈಲಜಾ ಮನಸ್ಸು ಮಾತ್ರ ಲ್ಯಾಬಲ್ಲೇ ಇತ್ತು.

ಹಾಗಾಗಿ ಸಲಹೆ ಚಿಕ್ಕದಾಯಿತು. ಮೊದಲ ಸೆಮಿಸ್ಟರ್ ಜನರಲ್ ಕೆಮಿಸ್ಟ್ರಿ ಒಂದೇ. ಆಮೇಲೆ ಬಯೋಟೆಕ್ ಲ್ಯಾಬ್ ಸರ್ಟಿಫಿಕೇಟ್. ಓದಿದ್ದನ್ನೇ ಮತ್ತೆ ಓದಬೇಕಾ ಅಂತ ಬೇಜಾರಾದರು. ಇಲ್ಲಿನವರಾಗಿ ಒಂದು ವರ್ಷ ದಾಟಿದವರಿಗೆ ಫೀಸು ಯೂನಿಟ್ಟಿಗೆ 46 ಡಾಲರ್. ಎಚ್-4ನಲ್ಲಿ ಇರುವವರಿಗೂ ಆ ದರ ಸಿಗುತ್ತದೆ. 5 ಯೂನಿಟ್ಟಿನ ಕೋರ್ಸಿಗೆ 230 ಡಾಲರ್. ಅಷ್ಟು ದುಡ್ಡಿಗೆ ಲ್ಯಾಬ್, ಉಪಕರಣ, ಇಲ್ಲಿನ ಒಬ್ಬ ಪ್ರೊಫೆಸರ್ ಕೈಯಿಂದ ಶಿಫಾರಸು ಪತ್ರ ಸಿಗುತ್ತೆ ಅಲ್ವಾ ಅಂದೆ.

ಮೂರನೇ ವಾರ ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು. ಲ್ಯಾಬ್ ನೋಟ್‌ಬುಕ್ಕಿಗೆ ಅಂಕ ಹೋಗಿತ್ತು. ಊರಿನ ರೆಕಾರ್ಡ್ ಬುಕ್ ನೆನಪಿದೆಯಲ್ಲ? ಒಂದು ಕಡೆ ಪೆನ್ಸಿಲ್ ಚಿತ್ರ, ಇನ್ನೊಂದು ಕಡೆ ದುಂಡಗಿನ ಅಕ್ಷರ, ಒಂದು ಚಿತ್ತೂ ಇರಬಾರದು. ಅದಕ್ಕೇ ಶೈಲಜಾ ರೀಡಿಂಗುಗಳನ್ನು ಚೀಟಿಯಲ್ಲಿ ಬರೆದು, ಮನೆಗೆ ಹೋಗಿ ಚೆಂದಾಗಿ ಕಾಪಿ ಮಾಡಿದ್ದರು. ಇಲ್ಲಿ ಅದೇ ದೊಡ್ಡ ತಪ್ಪು. ರೀಡಿಂಗ್ ನೋಡಿದ ಕೂಡಲೇ ಪೆನ್ನಿನಲ್ಲಿ ನೋಟ್‌ಬುಕ್ಕಿಗೆ ಹೋಗಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಇನಿಶಿಯಲ್, ತಾರೀಖು ಹಾಕಬೇಕು. ಹಳೆಯ ಅಂಕಿ ಕಾಣಿಸುತ್ತಲೇ ಇರಬೇಕು. ಜಾಹೀರಾತುಗಳಲ್ಲಿ ಗೆರೆ ಹಾಕಿದ್ದ 'ಡಾಕ್ಯುಮೆಂಟೇಶನ್' ಅಂದರೆ ಇದೇ ಅಂತ ತೋರಿಸಿದೆ. ಔಷಧಿ ಕಂಪನಿಯಲ್ಲಿ ಬರೆಯದ ಕೆಲಸ ಮಾಡದ ಕೆಲಸಕ್ಕೆ ಸಮ. ಮುಂದಿನ ಸಲ ನೋಟ್‌ಬುಕ್ ತಂದು ಬಿಚ್ಚಿಟ್ಟರು. 24.10 ಅನ್ನೋ ರೀಡಿಂಗ್ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸರಿಯಾದ 23.10, ಎಸ್ ಅಂತ ಇನಿಶಿಯಲ್, ತಾರೀಖು. ಮುಖದಲ್ಲಿ ನಗು ಇತ್ತು.

ಗಂಡನನ್ನೂ ಒಮ್ಮೆ ಕರೆಸಿದೆ. ಟೆಸ್ಟಿಂಗ್ ಅಂದಿದ್ದು ಹೆಂಡತಿಗೆ ಬೇಗ ಕೆಲಸ ಸಿಗಲಿ ಅನ್ನೋ ಆಸೆಯಿಂದ. ಜಾಹೀರಾತುಗಳನ್ನು ಅವರ ಮುಂದಿಟ್ಟಾಗ ಮೊದಲ ಪ್ರಶ್ನೆ, "ಲ್ಯಾಬ್ ಇರೋ ದಿನ ಮಕ್ಕಳನ್ನ ಎಷ್ಟು ಗಂಟೆಗೆ ಕರ್ಕೊಂಡ್ ಬರ್ಬೇಕು?" ಅನ್ನೋದಾಗಿತ್ತು. ಆ ಪ್ರಶ್ನೆ ಕೇಳಿ ನನಗೆ ಸಮಾಧಾನವಾಯಿತು. ಇಎಡಿ ಮುಗಿಯುವ ತಾರೀಖು ನೋಡಿ, ನವೀಕರಣದ ಬಗ್ಗೆ ವಕೀಲರನ್ನು ಈಗಲೇ ಕೇಳಿ ಅಂತ ಇಬ್ಬರಿಗೂ ಹೇಳಿದೆ.

ಈಗ ಶೈಲಜಾ ಸರ್ಟಿಫಿಕೇಟಿನ ಕೊನೆಯ ಕೋರ್ಸಿನಲ್ಲಿದ್ದಾರೆ. ಒಂದು ಕ್ಯೂಸಿ ಲ್ಯಾಬಿನಿಂದ ಇಂಟರ್‌ವ್ಯೂಗೆ ಕರೆ ಬಂದಿದೆ. ಮಧ್ಯಾಹ್ನದ ಶಿಫ್ಟ್, ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಮಕ್ಕಳ ರಾತ್ರಿ ಊಟ, ಹೋಮ್‌ವರ್ಕ್ ಯಾರು ನೋಡಿಕೊಳ್ಳುವುದು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಗುರುವಾರ ಇಬ್ಬರೂ ಬರುತ್ತಿದ್ದಾರೆ.